ಗಾಜಿಗಿಟ್ಟ ಕುಂಕುಮ

ಅಕ್ಟೋಬರ್ ಇಪ್ಪತ್ತಮೂರು, ಆಯುಧಪೂಜೆ. ಬೆಳಗಿನಿಂದ ಒಣ ಬಿಸಿಲು, ಗಾಳಿ ಇರಲಿಲ್ಲ.

ಶಿಷ್ಯ ಗುರುವನ್ನು ಕೇಳಿದ: "ಹಿರಿಯರು ಭಕ್ತಿಯಿಂದಲೇ ತಪ್ಪು ಮಾಡುತ್ತಿದ್ದರೆ, ತಿಳಿದವನು ಒಮ್ಮೆ ಹೇಳಿ ಸುಮ್ಮನಾದರೆ ಸಾಲದೇ?"

ಗುರು ಹೇಳಿದರು:

ಒಬ್ಬ ಟಾಕೀಸಿನ ಯಜಮಾನ ಪ್ರೊಜೆಕ್ಟರಿಗೆ ಹೊಸ ಲ್ಯಾಂಪ್ ತರಿಸಿದ. ಆಪರೇಟರ್ ಕೈಗವಸು ತೊಟ್ಟು ಅದನ್ನು ಪ್ರೊಜೆಕ್ಟರಿನ ದೀಪದ ಪೆಟ್ಟಿಗೆಯೊಳಗೆ ಕೂಡಿಸಿದ. ಆ ಗಾಜಿನೊಳಗೆ ಅನಿಲವನ್ನು ಒತ್ತಿ ತುಂಬಿರುತ್ತಾರೆ. ಬರಿಗೈಯ ಜಿಡ್ಡು ಅಂಟಿದರೂ ಸಾಕು, ಉರಿಯುವಾಗ ಆ ಜಾಗ ಹೆಚ್ಚು ಕಾದು ಗಾಜು ಸಿಡಿಯಬಹುದು. ಆರಿಸಿದ ಮೇಲೂ ಫ್ಯಾನ್ ತಿರುಗಿ ಅದು ತಣಿಯುವವರೆಗೆ ಪೆಟ್ಟಿಗೆಯ ಬಾಗಿಲು ತೆರೆಯಬಾರದು. ಇಷ್ಟು ನೋಡಿಕೊಂಡರೆ ಲ್ಯಾಂಪ್ ತನ್ನ ಆಯುಷ್ಯ ಪೂರ್ತಿ ಉರಿಯುತ್ತದೆ. ಆಪರೇಟರಿಗೆ ಇದೆಲ್ಲ ಗೊತ್ತಿತ್ತು.

ಇಂಥದೇ ಆಯುಧಪೂಜೆಯ ದಿನ. ಯಜಮಾನ ಜನರೇಟರಿಗೆ, ಟಿಕೆಟ್ ಕಿಟಕಿಗೆ, ಆಪರೇಟರನ ಹಣೆಗೆ ಕುಂಕುಮವಿಟ್ಟ. ಬಳಿಕ ಪ್ರೊಜೆಕ್ಟರ್ ಕೋಣೆಗೆ ಬಂದು, ಪೆಟ್ಟಿಗೆಯ ಬಾಗಿಲು ತೆರೆಸಿ, ಲ್ಯಾಂಪಿನ ಕಡೆಗೆ ಕೈ ಚಾಚಿದ.

"ಗಾಜಿಗೆ ಬೇಡಿ ಯಜಮಾನ್ರೇ, ಒಡೆಯುತ್ತೆ. ಬೇಕಾದ್ರೆ ಹೊರಗೆ ಪೆಟ್ಟಿಗೆಗೆ ಇಡಿ."

"ನಮಗೆ ಅನ್ನ ಹಾಕೋದು ಪೆಟ್ಟಿಗೆಯೋ, ದೀಪವೋ? ನಿನ್ನ ಹಣೆಗೂ ಈಗ ತಾನೆ ಇಟ್ಟೆನಲ್ಲಯ್ಯ, ನೀನೇನು ಒಡೆದುಹೋದೆಯಾ?"

ಸುತ್ತ ಇದ್ದವರು ನಕ್ಕರು. ಆಪರೇಟರೂ ನಕ್ಕ. ಯಜಮಾನ ನೀರಲ್ಲಿ ಕಲಸಿದ ಕುಂಕುಮವನ್ನು ಗಾಜಿಗೆ ಹಚ್ಚಿ, ಕೈ ಮುಗಿದು, ಮನೆಗೆ ಹೋದ.

ಸಂಜೆಯವರೆಗೆ ಆ ಕೋಣೆಗೆ ಬೇರೆ ಯಾರೂ ಬರಲಿಲ್ಲ. ಗಾಜು ಒರೆಸುವ ಸ್ಪಿರಿಟ್ ಇತ್ತು, ಮಡಿ ಬಟ್ಟೆ ಇತ್ತು, ಲ್ಯಾಂಪ್ ತಣ್ಣಗಿತ್ತು. ಹಬ್ಬದ ದಿನ ಇಟ್ಟ ಕುಂಕುಮ ಒರೆಸಲು ಆಪರೇಟರಿಗೆ ಮನಸ್ಸು ಬರಲಿಲ್ಲ. ತಾನು ಹೇಳಿಯಾಗಿದೆ, ಒಡೆದರೆ ಅವರ ಲ್ಯಾಂಪ್ ಎಂದುಕೊಂಡ.

ಆಟ ಶುರುವಾಯಿತು. ಟಾಕೀಸು ತುಂಬಿತ್ತು. ಆಪರೇಟರನ ಕಣ್ಣು ಪರದೆಯ ಮೇಲೆ ನಿಲ್ಲಲಿಲ್ಲ. ಇಂಟರ್‌ವಲ್ ಬಂದೊಡನೆ ಲ್ಯಾಂಪ್ ಆರಿಸಿದ. ತಣಿಯುವವರೆಗೆ ಕಾದರೆ ಜನ ಕೂಗುತ್ತಾರೆ. ಪೆಟ್ಟಿಗೆಯ ಬಾಗಿಲು ತೆರೆದು, ಕುಂಕುಮ ಒರೆಸಲು ಬಟ್ಟೆ ಹಿಡಿದು ಬಗ್ಗಿದ. ಗಾಜು ಸಿಡಿಯಿತು.

ಗುರು ಅಷ್ಟಕ್ಕೆ ನಿಲ್ಲಿಸಿದರು.

"ಹಾಗಾದರೆ ಹಟಕ್ಕೆ ಯಜಮಾನ ಬೆಲೆ ತೆತ್ತ," ಎಂದ ಶಿಷ್ಯ.

"ಅವನು ಇನ್ನೊಂದು ಲ್ಯಾಂಪ್ ತರಿಸಿದ, ಅದನ್ನು ಕೂಡಿಸಲು ಆಪರೇಟರಿಗೆ ಕಣ್ಣಿರಲಿಲ್ಲ."