ಹಗೇವಿನೊಳಗಿಂದ ಕೇಳಿದ ಲೆಕ್ಕ

ಒಂದಾನೊಂದು ಊರಲ್ಲಿ ಒಂದು ಹಗೇವು ಇತ್ತಂತೆ. ಈ ಕಡೆಯವರಿಗೆ ಹಗೇವು ಗೊತ್ತಿಲ್ಲ. ನಮ್ಮ ಕಡೆ ನೆಲದೊಳಗೆ ಆಳದ ಗುಂಡಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಇಡುತ್ತಾರೆ. ಆ ಹಗೇವಿನ ತಳದಲ್ಲಿ ಒಂದು ದೆವ್ವ ಇತ್ತಂತೆ. ವರ್ಷಕ್ಕೊಮ್ಮೆ, ಮಟಮಟ ಮಧ್ಯಾಹ್ನ, ಮನೆಯ ಗಂಡಸು ಜೋಳ ತೆಗೆಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೆ ಅದು ಒಂದೇ ಮಾತು ಕೇಳುತ್ತಿತ್ತಂತೆ: "ನಿನ್ನ ಜೋಳ ಎಷ್ಟು?"

ಒಳಗಿದ್ದದ್ದರ ಜೊತೆಗೆ, ಊರಿಗೆ ಕಡ ಕೊಟ್ಟದ್ದರಲ್ಲಿ ತಿರುಗಿ ಬರುವಷ್ಟನ್ನೂ ಕೂಡಿಸಿ ಹೇಳಬೇಕು. ಬರುವುದೆಷ್ಟು ಎಂಬುದು ದೆವ್ವಕ್ಕೆ ಮೊದಲೇ ಗೊತ್ತು. ಕಡಿಮೆ ಹೇಳಿದರೆ ಮರೆಮಾಚಿದಷ್ಟೂ ನುಸಿ ಹತ್ತಿ ಹಿಟ್ಟು. ಹೆಚ್ಚು ಹೇಳಿದರೆ ಹೇಳಿದವನೇ ತುತ್ತು.

ಆ ಮನೆಯ ಯಜಮಾನ ಇಳಿದ. "ನೂರು ಚೀಲ" ಅಂದ. ಹಗ್ಗ ಬರಿದೇ ಮೇಲೆ ಬಂತು. ಮರುವರ್ಷ ಹಿರಿಯ ಮಗ ಇಳಿದ. ಅವನೂ "ನೂರು ಚೀಲ" ಅಂದ. ಹಗ್ಗ ಬರಿದೇ ಮೇಲೆ ಬಂತು.

ಯಾಕೆ ನೂರು ಅಂದರು? ಯಜಮಾನನ ಹೆಂಡತಿ ಗುರುಸಂಗವ್ವನ ಕಟ್ಟಳೆ ಹಾಗಿತ್ತು. ಅಕ್ಕಿ ತೀರಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಕೊಡುವುದಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳದಿರುವಾಗ, ಬರುವುದಿಲ್ಲ ಅನ್ನುವುದು ಮನೆಗೆ ಕೇಡು. ಗಂಡನೂ ಮಗನೂ ಹೋದರೂ ಆಕೆ ಆ ಕಟ್ಟಳೆ ಬಿಡಲಿಲ್ಲವಂತೆ.

ಉಳಿದವನು ಕಿರಿಯ ಮಗ ಈರಸಂಗ. ಅವನ ಹೆಂಡತಿ ತುಂಗವ್ವ ಬಸುರಿ. ನಾಳೆ ಗಂಡ ಇಳಿಯಬೇಕು ಅನ್ನುವಾಗ ಅವಳು ಕೂತು ಲೆಕ್ಕ ಹಾಕಿದಳು. ಒಳಗೆ ಅರವತ್ತು ಚೀಲ, ಹೊರಗೆ ಮೂರು ಮನೆಯಲ್ಲಿ ನಲವತ್ತು. ಆ ಮೂರೂ ಮನೆ ನೋಡಲು ಹೊರಟಳು.

ಇಪ್ಪತ್ತು ಚೀಲ ಒಯ್ದಿದ್ದ ಗಾಣಿಗನ ಮನೆಗೆ ಹೋದಳು. ಎತ್ತು ಗಟ್ಟಿ, ಎಣ್ಣೆ ಧಾರಾಳ.

"ಯಾಕವ್ವಾ ತಂಗಿ, ಹಂಗ ನೋಡ್ತಿ? ನಾ ಏನು ಸಾಯಾಕತ್ತೀನೇನು?" ಅಂತ ಅವನು ನಕ್ಕ.

ನಗುವವನ ನಾಳೆಯನ್ನು ಯಾರು ಕಂಡಿದ್ದಾರೆ ಅಂತ ತುಂಗವ್ವ, ಬಾರದ ಒಂದು ಚೀಲಕ್ಕೆ, ಸೆರಗಿಗೆ ಒಂದು ಗಂಟು ಹಾಕಿದಳು.

ಹತ್ತು ಚೀಲ ಒಯ್ದಿದ್ದ ಕಂಬಳಿ ನೇಯುವವನ ಹಟ್ಟಿಗೆ ಹೋದಳು. ಕುರಿಗಳೆಲ್ಲ ಕೆಮ್ಮುತ್ತಿದ್ದವು. ಐದು ಗಂಟು ಹಾಕಿದಳು.

ಇನ್ನು ಹತ್ತು ಒಯ್ದಿದ್ದ ಅಂಬಿಗನ ಗುಡಿಸಲಿಗೆ ಹೋದಳು. ದೋಣಿ ಬೋರಲು ಬಿದ್ದು ಗೆದ್ದಲು ಹತ್ತಿತ್ತು, ಒಲೆಯಲ್ಲಿ ಬೆಕ್ಕು ಮಲಗಿತ್ತು. ಹತ್ತಕ್ಕೆ ಹತ್ತೂ ಗಂಟು.

ಮನೆಗೆ ಬಂದು ಎಣಿಸಿದರೆ ಹದಿನಾರು. "ಎಂಬತ್ನಾಕು ಅನ್ರಿ," ಅಂದಳು ಗಂಡನಿಗೆ.

ಗುರುಸಂಗವ್ವ ಕೇಳಿಸಿಕೊಂಡಳು. "ಹೊಟ್ಟಿಯಾಗ ಕೂಸು ಇಟ್ಕೊಂಡು ಇಲ್ಲ ಇಲ್ಲ ಅಂತೀಯಲ್ಲೇ, ಹಾಳಬಾಯಾಕಿ!"

"ನೂರು ಅಂದದ್ದಕ್ಕ ಎರಡು ಹೆಣಾನೂ ಸಿಗಲಿಲ್ಲಲ್ರೀ ಅತ್ತೀ."

ಈರಸಂಗ ಹಗ್ಗ ಹೊಸೆಯುತ್ತ ಕೂತ.

ಮರುದಿನ ಮಧ್ಯಾಹ್ನ ಇಳಿದ. ಕಾಲಿಗೆ ತಾಗಿದ ಜೋಳ ಹೆಣದಂತೆ ತಣ್ಣಗಿತ್ತು.

"ನಿನ್ನ ಜೋಳ ಎಷ್ಟು?"

ತಾಯಿ ಹೇಳಿದ್ದೋ, ಹೆಂಡತಿ ಹೇಳಿದ್ದೋ? ಜೋಳ ಅವನನ್ನು ಮೊಣಕಾಲಿನ ತನಕ ಎಳೆದುಕೊಂಡಿತು.

"ನಿನ್ನ ಜೋಳ ಎಷ್ಟು?"

ಸೊಂಟದ ತನಕ ಎಳೆದುಕೊಂಡಿತು. ಮೇಲಿನಿಂದ ತಾಯಿ ಕೂಗಿದಳು: "ನೂರು ಅನ್ನೋ ನನ್ನಪ್ಪಾ!"

"ನಿನ್ನ ಜೋಳ ಎಷ್ಟು?"

ಎದೆಯ ತನಕ ಬಂತು. ಈರಸಂಗ ಕಣ್ಣು ಮುಚ್ಚಿ, "ಎಂಬತ್ನಾಕು" ಅಂದ. ಮೇಲೆ ಗುರುಸಂಗವ್ವ ಬಾಯಿ ಬಡಿದುಕೊಂಡಳು.

"ಕೊಡೂದಿಲ್ಲ ಅಂತ ಯಾರು ಅಂದಾರ?" ದೆವ್ವ ಕೇಳಿತು.

"ಯಾರೂ ಅಂದಿಲ್ಲ."

"ಮತ್ತ ಯಾಕ ಕಳದಿ?"

"ಅವರು ಅನ್ನೋತನಕ ಕಾದರ, ಅಷ್ಟರಾಗ ಅದೂ ನಮ್ಮದೇ ಅಂತ ತಿಳಿದು ಇದ್ದದ್ದನ್ನೂ ಉಂಡು ಮುಗಿಸಿರ್ತೀವಿ. ಅದಕ್ಕ ಇವತ್ತ ಕಳದೀನಿ."

ಆಮೇಲೆ ಎದೆಯ ಜೋಳ ಸೊಂಟಕ್ಕಿಳಿಯಿತು, ಸೊಂಟದ್ದು ಮೊಣಕಾಲಿಗಿಳಿಯಿತು. ಹಗ್ಗ ಎಳೆದರೆ ಈ ಸಲ ಭಾರವಾಗಿ ಬಂತಂತೆ.

ಆ ವರ್ಷ ಗಾಣಿಗ ಇಪ್ಪತ್ತೂ ತಂದು ಸುರಿದ. ಕಂಬಳಿಯವನು ಐದು ಕೊಡಲಾರದೆ ನಾಲ್ಕೇ ಕೊಟ್ಟ. ಅಂಬಿಗ ಊರನ್ನೇ ಬಿಟ್ಟುಹೋದ. ಎರಡು ಮನೆಯ ಎಣಿಕೆ ತಪ್ಪಿದರೂ ಒಟ್ಟು ಎಂಬತ್ತನಾಲ್ಕೇ ಆಯಿತು.

ಮರುವರ್ಷ ಈರಸಂಗ ಇಳಿಯುವ ಹಿಂದಿನ ದಿನ ಗುರುಸಂಗವ್ವ ಮೊಮ್ಮಗಳನ್ನು ಸೊಸೆಯ ಕೈಯಿಂದ ತಾನೇ ಎತ್ತಿಕೊಂಡಳಂತೆ. "ಕೂಸು ನಾ ನೋಡ್ಕೊಂತೀನವ್ವಾ," ಅಂದಳಂತೆ. "ನೀ ಹೋಗಿ ಎಲ್ಲಾರ ಮನಿ ನೋಡಿ ಬಾ. ಎಷ್ಟು ಬರಲಿಕ್ಕಿಲ್ಲ ಅಂತ ಬಾಯಿಬಿಟ್ಟು ಹೇಳು."

ಅವರು ಅಲ್ಲಿ ಜೋಳ ಅಳೆಯುತ್ತ ಉಳಿದರು, ನಾವು ಇಲ್ಲಿ ಹೂಂಗುಡುತ್ತ ಉಳಿದೆವು.