ಒಡೆಯದ ಮಣ್ಣುಂಡೆ

"ಗುರುಗಳೇ, ಈ ಬ್ರಹ್ಮಾಂಡಕ್ಕೆ ಎಲ್ಲೆ ಇದೆಯೇ, ಇಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳೂ ಅವನೂ ಊಟಕ್ಕೆ ಕೂತಿದ್ದರು. ಶಿಷ್ಯನ ಎಲೆಯಲ್ಲಿ ಬಡಿಸಿದ ಅನ್ನ ಬಡಿಸಿದ ಹಾಗೇ ಇತ್ತು. ನಿನ್ನೆಯೂ ಅವನು ಉಂಡಿರಲಿಲ್ಲ.

"ಮೊದಲು ಉಣ್ಣು ಮಗು. ಬ್ರಹ್ಮಾಂಡ ಎಲ್ಲಿಗೂ ಓಡಿಹೋಗುವುದಿಲ್ಲ, ಸಾರು ಆರುತ್ತದೆ."

"ಇಲ್ಲ ಗುರುಗಳೇ. ಎಲ್ಲೆ ಇದೆ ಎಂದರೆ ಅದರಾಚೆ ಏನು ಎಂಬ ಚಿಂತೆ. ಇಲ್ಲ ಎಂದರೆ, ಕೊನೆಯಿಲ್ಲದ್ದು ಇರುವುದಾದರೂ ಹೇಗೆ ಎಂಬ ಚಿಂತೆ. ಇದು ತೀರುವ ತನಕ ಅನ್ನ ಮುಟ್ಟುವುದಿಲ್ಲವೆಂದು ಆಣೆ ಇಟ್ಟಿದ್ದೇನೆ."

"ಆಣೆ ಬೇರೆ ಇಟ್ಟೆಯೋ! ಹಾಗಾದರೆ ಕೇಳು" ಎಂದು ಗುರುಗಳು ತಾವೂ ಕೈ ತಡೆದು ಕತೆ ಹೇಳಿದರು.

ಎರಡು ಊರುಗಳಿಗೆ ಒಂದು ಹುಲ್ಲುಗಾವಲಿನ ಮೇಲೆ ಜಗಳ. ಗಡಿಗಲ್ಲುಗಳು ಯಾವ ಕಾಲದಲ್ಲೋ ಹೂತುಹೋಗಿದ್ದವು. ಅಂಥ ಜಗಳ ಬಿಡಿಸಲು ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಊರಿನ ಗಡಿ ಕಾಯುವ ಕುಳವಾಡಿ ತನ್ನ ಊರಿನ ಮಣ್ಣನ್ನು ಉಂಡೆ ಕಟ್ಟಿ, ತಲೆಯ ಮೇಲೆ ಹೊತ್ತು ನಡೆಯಬೇಕು. ಊರಿನ ಮಣ್ಣು ಊರಿನ ಎಲ್ಲೆ ದಾಟುವುದಿಲ್ಲ, ದಾಟಿದರೆ ತಾನಾಗಿ ಒಡೆಯುತ್ತದೆ ಎಂಬುದು ನಂಬಿಕೆ. ಒಡೆದಲ್ಲಿ ಕಲ್ಲು ನೆಡುವುದು. ಒಡೆಯುವ ತನಕ ಹೊತ್ತವನು ಮನೆಗೆ ತಿರುಗುವಂತಿಲ್ಲ.

ಆ ಎರಡರಲ್ಲಿ ಒಂದು ಊರಿನ ಕುಳವಾಡಿ ಸತ್ಯವಂತ. ಅವನ ಹೆಂಡತಿಗೆ ದಿನ ತುಂಬಿತ್ತು. "ಇಲ್ಲೇ ಹುಲ್ಲುಗಾವಲು. ಊಟದ ಹೊತ್ತಿಗೆ ಬಂದುಬಿಡುತ್ತೇನೆ" ಎಂದು ಅವಳಿಗೆ ಹೇಳಿ ಹೊರಟ.

ಬಿಸಿಲೇರಿತು. ಉಂಡೆ ಬಿರುಕು ಬಿಟ್ಟಿತು. ಅವನಿಗೆ ದಿಗಿಲಾಯಿತು. ಇದು ಎಲ್ಲೆ ಬಂದು ಬಿಟ್ಟ ಬಿರುಕಲ್ಲ, ಬಿಸಿಲಿಗೆ ಬಿಟ್ಟದ್ದು, ಹೀಗೆ ಒಡೆದರೆ ಊರಿಗೆ ಅನ್ಯಾಯ ಎಂದುಕೊಂಡ. ಕಾಲ ಬಳಿಯ ಮಣ್ಣು ಒಂದಿಷ್ಟು ತೆಗೆದು, ಸೋರೆಬುರುಡೆಯ ನೀರಲ್ಲಿ ಕಲಸಿ, ಬಿರುಕಿಗೆ ಮೆತ್ತಿದ. ಉಂಡೆ ನಿಂತಿತು. ಅವನು ನಡೆದ.

ಹುಲ್ಲುಗಾವಲು ಕಳೆಯಿತು. ಪಕ್ಕದ ಊರು ಬಂತು. ನೀರು ಸೇದುತ್ತಿದ್ದ ಹೆಂಗಸರು ನಕ್ಕರು.

"ಏನಣ್ಣಾ, ನಮ್ಮ ಬಾವಿಯೂ ನಿಮ್ಮೂರಿಗೇ ಸೇರಿತಾ? ಒಲೆ ಹತ್ತಿಸಬೇಕು, ನಿಮ್ಮ ಗೌಡರ ಅಪ್ಪಣೆ ಬೇಕೇನೋ!"

"ಉಂಡೆ ಒಡೆದಿಲ್ಲವಲ್ಲ ತಾಯಿ, ನಾನೇನು ಮಾಡಲಿ?"

ಬಿರುಕು ಬಿಟ್ಟಾಗಲೆಲ್ಲ ಮೆತ್ತಿದ. ಕೆಂಪು ನೆಲ ಹೋಗಿ ಕಪ್ಪು ನೆಲ ಬಂತು. ತಿಂಗಳ ಮೇಲೆ ತಿಂಗಳು ಕಳೆಯಿತು. ಹೆಂಡತಿ ಹೆತ್ತಳೋ, ಉಳಿದಳೋ, ತಿಳಿಯದು. ತನ್ನ ಊರಿಗೆ ಕೊನೆಯೇ ಇಲ್ಲ ಎಂದು ಅವನು ಅಳುತ್ತಾ ನಡೆದ.

ಒಂದು ಹೊಲದ ಬದುವಿನಲ್ಲಿ ಮುದುಕಿಯೊಬ್ಬಳು ಅವನನ್ನು ಕಂಡು ನಿಲ್ಲಿಸಿದಳು. ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದುಕೊಟ್ಟು, ನಡೆದದ್ದನ್ನೆಲ್ಲ ಕೇಳಿದಳು.

"ಬಿರುಕಿಗೆ ಮೆತ್ತಿದ ಮಣ್ಣು ಎಲ್ಲಿಯದಪ್ಪಾ?"

"ನಿಂತಲ್ಲಿಯದು ಅವ್ವಾ."

"ಅಯ್ಯೋ ಹುಚ್ಚಪ್ಪಾ! ಇಳಿಸು, ನೋಡೋಣ."

ಅವನು ಇಳಿಸಿದ. ಉಂಡೆ ಕರ್ರಗಿತ್ತು. ಊರಿನ ಕೆಂಪು ಮಣ್ಣು ದಾರಿಯುದ್ದಕ್ಕೂ ಒಣಗಿ ಉದುರಿ, ಅದರಲ್ಲಿ ಒಂದು ಕಣವೂ ಉಳಿದಿರಲಿಲ್ಲ.

"ಇದು ನನ್ನ ಹೊಲದ ಮಣ್ಣು. ನನ್ನ ಹೊಲದಲ್ಲಿ ನಿಂತು ಇದು ಯಾಕೆ ಒಡೆದೀತು? ಇಲ್ಲೇ ಹಾಕು. ಹಾಕಿ ಮನೆಗೆ ಹೋಗು, ಮಗನೇ."

ಅವನು ಉಂಡೆಯನ್ನು ಪುಡಿ ಮಾಡಿ ಅವಳ ಹೊಲಕ್ಕೆ ಚೆಲ್ಲಿ ತಿರುಗಿದ. ಮನೆ ಮುಟ್ಟಿದಾಗ ಹೊಸ್ತಿಲಲ್ಲಿ ಅಂಬೆಗಾಲಿಡುತ್ತಿದ್ದ ಮಗುವೊಂದು ಅವನನ್ನು ಕಂಡು ಹೆದರಿ ಅತ್ತಿತು. ಹೆಂಡತಿ ಹೊರಗೆ ಬಂದಳು. ಅವನನ್ನು ನೋಡಿದಳು. ಮಗುವನ್ನು ಎತ್ತಿಕೊಂಡಳು.

"ಈಗ ಆಯಿತೇ ಊಟದ ಹೊತ್ತು?" ಎಂದಳು.

ಅಷ್ಟರಲ್ಲಿ ಗೌಡರು ಓಡಿ ಬಂದರು. ಆ ಹುಲ್ಲುಗಾವಲನ್ನು ಎರಡೂ ಊರಿನ ದನಗಳು ಆಗಲೇ ಮೇಯ್ದು ಬರಿದು ಮಾಡಿದ್ದವು. ಆದರೂ ಅವರು ಕೇಳಿದರು.

"ಎಲ್ಲಿ ಒಡೆಯಿತೋ? ನಮ್ಮ ಎಲ್ಲೆ ಎಲ್ಲಿ?"

"ಇದೆ ಅನ್ನಲಾರೆ ಗೌಡ್ರೇ, ಇಲ್ಲ ಅನ್ನಲಾರೆ. ನಾನು ಹೋದಲ್ಲೆಲ್ಲ ಒಳಗೇ ಇದ್ದೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ.

"ಆ ಕುಳವಾಡಿ ದಾರಿ ತಪ್ಪಿದ, ಗುರುಗಳೇ. ಎಲ್ಲೆಯ ಆಚೆ ನಿಂತು ಒಮ್ಮೆ ಇತ್ತ ತಿರುಗಿ ನೋಡಿದರೆ ತಿಳಿಯುತ್ತದಲ್ಲ?"

ಗುರುಗಳು ಅವನ ಎಲೆಯನ್ನು ಅವನ ಹತ್ತಿರಕ್ಕೆ ಸರಿಸಿದರು.

"ನೋಡು ಮಗು, ಆದರೆ ಅಲ್ಲಿ ಕಾಲೂರಿ ನಿಲ್ಲಲು ಒಳಗಿನದಲ್ಲದ ಹಿಡಿ ಮಣ್ಣು ಎಲ್ಲಿಂದ ತರುತ್ತೀ?"

ಶಿಷ್ಯ ಆರಿದ ಸಾರನ್ನು ಅನ್ನಕ್ಕೆ ಸುರಿದುಕೊಂಡ.