ಸಂಸದರ ಖಾಲಿ ಎಲೆ

ಕೂಲಿ ಹೆಂಗಸರಿಗೂ ಸಂಬಳದ ಹೆರಿಗೆ ರಜೆ ಕೊಡುವ ಮಸೂದೆ ಮತಕ್ಕೆ ಬಂದಾಗ, ನಮ್ಮ ಸಂಸದ ವೀರನಗೌಡರು ಎದ್ದು ಹೊರಗೆ ಹೋದರು. ಮಸೂದೆ ಬಿತ್ತು. ಊರಿಗೆ ಬಂದವರೇ, “ನಾನೇನು ವಿರೋಧಿಸಿಲ್ಲವಲ್ಲ, ಸನ್ಮಾನ ಮಾಡಿ” ಎಂದು ಮಹಿಳಾ ಸಂಘಕ್ಕೆ ಹೇಳಿಕಳಿಸಿದರು.

ಸನ್ಮಾನದ ಊಟಕ್ಕೆ ಬಡಿಸಿದವಳು ಕೂಲಿಯ ಹುಲಿಗೆವ್ವ, ತುಂಬು ಬಸುರಿ. ಎಲ್ಲರಿಗೂ ಹೋಳಿಗೆ ಹಾಕಿದಳು. ಗೌಡರ ಎಲೆ ಬಂದಾಗ ಬುಟ್ಟಿ ಹಿಡಿದು ಹೊರಗೆ ನಡೆದಳು.

“ಏ ತಂಗಿ, ನನ್ನ ಎಲಿ ಖಾಲಿ ಐತಿ!”

“ಬಡಸಂಗಿಲ್ಲ ಅಂದೇನ್ರೀ ಸಾಹೇಬ್ರ? ಆ ಹೊತ್ತಿಗೆ ಹೊರಗ ಹೋದೆ, ಅಷ್ಟ.”

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಗೌಡರು ಬೆವರೊರೆಸಿಕೊಂಡರು. “ಮುಂದಿನ ಸಲ ಕುರ್ಚಿ ಬಿಟ್ಟು ಏಳಂಗಿಲ್ಲವ್ವ. ಈಗರ ಹಾಕು.”

ಮಸೂದೆ ಮತ್ತೆ ಬಂತು. ಗೌಡರು ಕೂತಲ್ಲೇ ಕೂತು ಹೌದೆಂದು ಮತ ಹಾಕಿದರು. ಮಸೂದೆ ಗೆದ್ದಿತು.

ಹುಲಿಗೆವ್ವನಿಗೆ ಆ ರಜೆ ದಕ್ಕಲಿಲ್ಲ. ಅಷ್ಟರಲ್ಲಿ ಹೆತ್ತು, ಹಸಿ ಬಾಣಂತಿಯಾಗಿಯೇ ಕೂಲಿಗೆ ಹೋಗಿದ್ದಳು. ನಾನೂ ಕೂಲಿಯವಳೇ; ಆಮೇಲೆ ಹೆತ್ತ ನನಗೆ ರಜೆ ಸಿಕ್ಕಿತು, ನನ್ನ ಕೂಸು ಈಗ ನನ್ನ ಮಡಿಲಲ್ಲೇ ಇದೆ. ಅವಳ ಹೊಟ್ಟೆ ತಣ್ಣಗಿರಲಿ.